ಮಂಗಳವಾರದ ನೀಲಿ ದೀಪ

ಅವಳನ್ನು ಎಲ್ಲರೂ ಮಾತಿನಮಲ್ಲಿ ಎಂದು ಕರೆಯುತ್ತಿದ್ದರು, ಅವಸರವಿದ್ದಾಗ ಬರೀ ಮಲ್ಲಿ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಅವಳು ಮುಂದೆ ಹೋಗಿಬಿಡುತ್ತಿದ್ದಳು.

ವಿಜ್ಞಾನ ಸಂಗ್ರಹಾಲಯದ ಮೂರನೆಯ ಮಹಡಿಯಲ್ಲಿ ‘ನಾಳೆಯ ಕೋಣೆ’ ಎಂಬುದೊಂದಿತ್ತು. ಇನ್ನೂ ಅಂಗಡಿಗೆ ಬಾರದ, ಬಂದರೆ ಜಗತ್ತನ್ನೇ ಮಗುಚಿ ಹಾಕಬಹುದಾದ ಯಂತ್ರಗಳನ್ನು ಅಲ್ಲಿ ಗಾಜಿನ ಹಿಂದೆ ಇಟ್ಟಿದ್ದರು. ಪಕ್ಕದಲ್ಲಿ ತೂಗುಹಾಕಿದ್ದ ವಿವರಣೆಗಳನ್ನು ಓದಿದರೆ ಆಕಳಿಕೆ ಬರುತ್ತಿತ್ತು. ಅದಕ್ಕೇ ಮಲ್ಲಿಯನ್ನು ನೇಮಿಸಿಕೊಂಡಿದ್ದರು. ನಲವತ್ತು ನಿಮಿಷದಲ್ಲಿ ಐದು ಯಂತ್ರಗಳ ಗುಟ್ಟನ್ನು ನಗುನಗುತ್ತಾ ಬಿಡಿಸಿ ಹೇಳುವುದು ಅವಳ ಕೆಲಸ. ದಿನಕ್ಕೆ ಆರು ಸುತ್ತು. ಸೋಮವಾರ ರಜೆ.

“ಇದು ಕಿವಿ ಅಚ್ಚು ಹಾಕೋ ಯಂತ್ರ,” ಎಂದು ಅವಳು ಶುರು ಮಾಡುತ್ತಿದ್ದಳು. “ಶಾಯಿ ಬದಲು ಇದರಲ್ಲಿ ಜೀವಕೋಶ ತುಂಬ್ತಾರೆ. ಪದರದ ಮೇಲೆ ಪದರ ಸುರೀತಾ ಹೋದ್ರೆ ಸಂಜೆ ಹೊತ್ತಿಗೆ ಒಂದು ಕಿವಿ ತಯಾರು. ನಿಮ್ಮದೇ ಕೋಶ ಆದ್ದರಿಂದ ಮೈ ಅದನ್ನ ಹೊರಗಿನದು ಅಂತ ತಳ್ಳಿಹಾಕಲ್ಲ. ಆದ್ರೆ ಯಾರೂ ಮಕ್ಕಳಿಗೆ ಅಂತ ಆರ್ಡರ್ ಕೊಡಬೇಡಿ. ಕಿವಿ ಅಚ್ಚಾಗುತ್ತೆ, ಹೇಳಿದ ಮಾತು ಕೇಳೋ ಗುಣ ಇನ್ನೂ ಅಚ್ಚಾಗ್ತಿಲ್ಲ.”

ಜನ ನಗುತ್ತಿದ್ದರು. ಅಲ್ಲಿಂದ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಗೋಡೆ. ಗಾರೆಯಲ್ಲಿ ನಿದ್ದೆ ಹೋಗಿರುವ ಸೂಕ್ಷ್ಮಜೀವಿಗಳಿರುತ್ತವೆ, ಬಿರುಕಿನಲ್ಲಿ ನೀರು ಇಳಿದಾಗ ಅವು ಎದ್ದು ಸುಣ್ಣ ಉಗುಳಿ ಮತ್ತೆ ಮಲಗುತ್ತವೆ. “ಎದ್ದು, ಕೆಲಸ ಮುಗಿಸಿ, ಏನೂ ಗೊಣಗದೆ ಮತ್ತೆ ಮಲಗೋರು. ನಮ್ಮ ಮನೇಲಿ ಇಂಥೋರು ಒಬ್ಬರೂ ಇಲ್ಲ.” ಆಮೇಲೆ ಬರೀ ಯೋಚನೆಯಿಂದ ಓಡುವ ಆಟಿಕೆ ಕಾರು, ಗಾಳಿಯಿಂದ ನೀರು ಹಿಂಡುವ ಜಾಲರಿ. ಕೊನೆಯದು ಮೂಗು.

ಮೂಗೆಂದರೆ ರೊಟ್ಟಿ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ. ಇದೊಂದನ್ನು ಮಾತ್ರ ಗಾಜಿಲ್ಲದೆ, ತಗ್ಗು ಮೇಜಿನ ಮೇಲೆ ಇಟ್ಟಿದ್ದರು. ಮುಂದೆ ಎರಡು ರಂಧ್ರ, ಒಳಗೊಂದು ಪುಟ್ಟ ಫ್ಯಾನು. ಯಾರಾದರೂ ಒಂದು ಮಾರು ದೂರಕ್ಕೆ ಬಂದರೆ ಫ್ಯಾನು ತಾನೇ ತಿರುಗಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತಿತ್ತು. ಆ ಸದ್ದು ಮನುಷ್ಯರು ಮೂಸುವ ಸದ್ದಿನಂತೆಯೇ ಇತ್ತು. ‘ಸ್ಸ್’ ಎಂದು ಒಂದು ಉದ್ದನೆಯ ಎಳೆತ, ಒಂದು ಗಳಿಗೆ ಮೌನ, ಆಮೇಲೆ ಪರದೆಯ ಮೇಲೆ ಉತ್ತರ.

“ಒಳಗೆ ಮೂವತ್ತೆರಡು ಸಣ್ಣ ಬಿಲ್ಲೆ ಇವೆ. ಒಂದೊಂದಕ್ಕೂ ಒಂದೊಂದು ಬಗೆ ಲೇಪ. ಈರುಳ್ಳಿ ವಾಸನೆಗೆ ಮೊದಲನೇದು ಉಬ್ಬುತ್ತೆ, ಏಳನೇದು ಸುಮ್ಮನಿರುತ್ತೆ, ಹತ್ತನೇದು ಸ್ವಲ್ಪ ಮುಖ ಸಿಂಡರಿಸುತ್ತೆ. ಮೂವತ್ತೆರಡೂ ಸೇರಿ ಒಂದು ಚಿತ್ರ ಆಗುತ್ತೆ. ಆ ಚಿತ್ರವನ್ನ ಪೆಟ್ಟಿಗೆ ನೆನಪಿಟ್ಟುಕೊಳ್ಳುತ್ತೆ, ಅಷ್ಟೇ. ಪಕ್ಕದ ಮನೇಲಿ ಹಾಲು ಉಕ್ಕಿದ್ದು ಗೋಡೆ ಆಚೆಯಿಂದ್ಲೇ ನಿಮಗೆ ಗೊತ್ತಾಗಲ್ವಾ, ಹಾಗೆ. ಬೇರೆಯವರ ವಿಷಯಕ್ಕೆ ಮೂಗು ತೂರಿಸೋದನ್ನೇ ಕಸುಬು ಮಾಡಿಕೊಂಡಿರೋ ಯಂತ್ರ ಜಗತ್ತಲ್ಲಿ ಇದೊಂದೇ. ಮನುಷ್ಯರು ಬೇಕಾದಷ್ಟಿದ್ದಾರೆ.”

ಆಮೇಲೆ ಒಬ್ಬೊಬ್ಬರೇ ಬಂದು ಕೈ ಚಾಚಬೇಕು. ‘ಸಾಬೂನು’, ‘ಕಾಫಿ’, ‘ಸಿಗರೇಟು’ ಎಂದು ಪರದೆ ಬರೆಯುತ್ತಿತ್ತು, ಪಕ್ಕದಲ್ಲೊಂದು ಹಸಿರು ದೀಪ. ಸಿಗರೇಟು ಬಿಟ್ಟೆನೆಂದು ಹೆಂಡತಿಗೆ ಆಣೆ ಮಾಡಿದ್ದ ಗಂಡಸರು ಕೈಯನ್ನು ಜೇಬಿನಿಂದ ತೆಗೆಯುತ್ತಲೇ ಇರಲಿಲ್ಲ.

ಒಂದು ಮಂಗಳವಾರ ಬೆಳಗ್ಗೆ, ಬಾಗಿಲು ತೆರೆಯುವುದಕ್ಕೆ ಹತ್ತು ನಿಮಿಷ ಮೊದಲು, ಮಲ್ಲಿ ಗಾಜುಗಳನ್ನು ಒರೆಸುತ್ತಾ ಮೂಗಿನ ಮುಂದೆ ಬಂದಳು. ಫ್ಯಾನು ತಿರುಗಿತು. ಆದರೆ ಈ ಸಲ ಎಳೆತ ನಿಲ್ಲಲಿಲ್ಲ. ಮನೆಗೆ ಬಂದ ಹೊಸಬರನ್ನು ನಾಯಿ ಮೂಸಿದ ಹಾಗೆ ಮತ್ತೆ ಮತ್ತೆ ಎಳೆಯಿತು. ಪರದೆ ಖಾಲಿ ಇತ್ತು. ಹಸಿರು ದೀಪದ ಪಕ್ಕದಲ್ಲಿ, ಅವಳು ಈವರೆಗೆ ಗಮನಿಸಿಯೇ ಇರದ ಒಂದು ಸಣ್ಣ ದೀಪ ನೀಲಿಯಾಗಿ ಹತ್ತಿಕೊಂಡಿತು.

“ಏನಮ್ಮಾ ನಿನ್ನ ಕಥೆ,” ಎಂದು ಪೆಟ್ಟಿಗೆಯ ತಲೆ ತಟ್ಟಿ ಅವಳು ಕೆಲಸ ಮುಂದುವರಿಸಿದಳು. ಮೊದಲ ಸುತ್ತಿನಲ್ಲಿ ಜನರ ಮುಂದೆಯೂ ಹಾಗೇ ಆಯಿತು. ಬಂದವರಿಗೆಲ್ಲ ಹಸಿರು, ಅವಳಿಗೆ ಮಾತ್ರ ನೀಲಿ. “ನೋಡಿ, ನನ್ನ ಕಂಡ್ರೆ ನಾಚಿಕೆ ಇದಕ್ಕೆ,” ಎಂದಳು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಬುಧವಾರ ದೀಪ ಹತ್ತಲಿಲ್ಲ. ಗುರುವಾರವೂ ಇಲ್ಲ, ಭಾನುವಾರದವರೆಗೂ ಇಲ್ಲ. ಮುಂದಿನ ಮಂಗಳವಾರ ಮತ್ತೆ ಹತ್ತಿತು.

ಮೂರನೆಯ ಮಂಗಳವಾರ ಕೋಣೆಯ ಕಾವಲಿನ ಮಾಮ ಅಲ್ಲೇ ನಿಂತು ನೋಡುತ್ತಿದ್ದ. ಮೂವತ್ತು ವರ್ಷ ಪೊಲೀಸು ಕೆಲಸ ಮಾಡಿ ಬಂದವನು, ಕಳ್ಳರಿಗೆ ಹೆದರಿದವನಲ್ಲ. “ಮಲ್ಲೀ, ಅದು ನಿನ್ನನ್ನ ಮೂಸಿ ಮೂಸಿ ನೋಡ್ತಿದೆ ಕಣಮ್ಮಾ,” ಎಂದ. ಅವನ ಧ್ವನಿ ಎಂದಿನಂತಿರಲಿಲ್ಲ. ಆ ದಿನದಿಂದ ಮಾಮ ಊಟದ ಕೋಣೆಗೆ ಹೋಗಬೇಕಾದರೆ ಮೂಗಿನ ಮುಂದಿನಿಂದ ಹಾದುಹೋಗದೆ, ಹೊರಗಿನ ಮೆಟ್ಟಿಲಿಳಿದು ಸುತ್ತುಹಾಕಿ ಬರತೊಡಗಿದ. ಕೇಳಿದರೆ ಮಂಡಿಗೆ ವ್ಯಾಯಾಮ ಆಗುತ್ತೆ ಎನ್ನುತ್ತಿದ್ದ.

ಮಲ್ಲಿ ನಗೆಯಾಡುವುದನ್ನು ಬಿಟ್ಟಳು. ಸಾಬೂನು ಬದಲಾಯಿಸಿದಳು, ತಲೆಗೆಣ್ಣೆ ಬದಲಾಯಿಸಿದಳು. ಮೈ ಕೆಂಪಾಗುವ ಹಾಗೆ ಉಜ್ಜಿ ಉಜ್ಜಿ ಸ್ನಾನ ಮಾಡಿದಳು. ನಾಲ್ಕನೆಯ ಮಂಗಳವಾರವೂ ಪೆಟ್ಟಿಗೆ ಅವಳತ್ತ ಉಸಿರೆಳೆದು ನೀಲಿ ಕಣ್ಣು ಬಿಟ್ಟಿತು. ಇಂಥ ಪೆಟ್ಟಿಗೆಗಳು ಒಂದಲ್ಲ ಒಂದು ದಿನ ಉಸಿರಿನಲ್ಲೇ ಕಾಯಿಲೆ ಪತ್ತೆ ಹಚ್ಚುತ್ತವೆ ಎಂದು ಅವಳೇ ದಿನಕ್ಕೆ ಆರು ಸಲ ಜನರಿಗೆ ಹೇಳುತ್ತಿದ್ದಳಲ್ಲ. ಆ ವಾಕ್ಯ ಬಂದಾಗ ಈಗ ನಾಲಿಗೆ ತಡವರಿಸುತ್ತಿತ್ತು. ಗುರುವಾರ ಅರ್ಧ ದಿನ ರಜೆ ಹಾಕಿ ಡಾಕ್ಟರ ಬಳಿ ಹೋದಳು. ರಕ್ತ, ಮೂತ್ರ, ಎದೆಯ ಚಿತ್ರ, ಎಲ್ಲ ಆಯಿತು. ಡಾಕ್ಟರು ಕಾಗದಗಳನ್ನು ಮಡಚಿ ಕೈಗಿಟ್ಟು, “ನೀವು ನೂರು ವರ್ಷ ಗಟ್ಟಿ. ನಿಮ್ಮ ಮಾತು ಕೇಳೋರ ಬಗ್ಗೆ ಮಾತ್ರ ನಾನು ಭರವಸೆ ಕೊಡಲ್ಲ,” ಎಂದರು.

ಸಮಾಧಾನವೇನೋ ಆಯಿತು. ಆದರೆ ದೀಪಕ್ಕೆ ಡಾಕ್ಟರ ಮಾತು ಗೊತ್ತಿರಲಿಲ್ಲ.

ಮನೆಯಲ್ಲಿ ಇದ್ದವರು ಇಬ್ಬರೇ, ಮಲ್ಲಿ ಮತ್ತು ಅವಳ ಅಕ್ಕ. ಎರಡನೆಯ ಮಹಡಿ, ಎರಡು ಕೋಣೆ, ರಸ್ತೆಯ ಕಡೆಗೊಂದು ಉದ್ದನೆಯ ಕಿಟಕಿ. ಕಿಟಕಿಯ ಕೆಳಗೆ ಅಕ್ಕನ ಹೊಲಿಗೆ ಯಂತ್ರ. ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರ, ಏನು ಬಂದರೂ ಹೊಲಿಯುತ್ತಿದ್ದಳು. ಅವಳ ಹೊಲಿಗೆಯ ನೇರ ಎಂಥದೆಂದರೆ, ಪಕ್ಕದ ಬೀದಿಯ ದರ್ಜಿ ತನ್ನ ಬಳಿ ಬಂದ ನಾಜೂಕಿನ ಕೆಲಸವನ್ನೆಲ್ಲ ಗುಟ್ಟಾಗಿ ಅವಳಿಗೇ ಕಳಿಸುತ್ತಿದ್ದ. ಮಲ್ಲಿಗಿಂತ ಆರು ವರ್ಷ ದೊಡ್ಡವಳು. ಅಮ್ಮ ಹಾಸಿಗೆ ಹಿಡಿದಾಗ ಕಾಲೇಜು ಬಿಟ್ಟವಳು ಮತ್ತೆ ಅತ್ತ ತಲೆ ಹಾಕಲಿಲ್ಲ, ತಂಗಿಯನ್ನು ಓದಿಸಿದಳು. ಮಲ್ಲಿಯ ಮದುವೆ ನಾಲ್ಕು ವರ್ಷ ನಡೆದು ಮುಗಿದಿತ್ತು. ಅಕ್ಕನದು ನಡೆಯಲೇ ಇಲ್ಲ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದರಿಂದಲೋ ಏನೋ, ಅಕ್ಕ ಮಾತಾಡುತ್ತಿದ್ದುದೇ ಕಡಿಮೆ. ಇಬ್ಬರ ಪಾಲಿನ ಮಾತನ್ನೂ ತಂಗಿಯೇ ಹೊಡೆದುಕೊಂಡಳು ಎಂದು ನೆಂಟರು ಆಡಿಕೊಳ್ಳುತ್ತಿದ್ದರು.

ಸೋಮವಾರ ಮಲ್ಲಿ ಮನೆಯಲ್ಲಿ ಇರುತ್ತಿರಲಿಲ್ಲ. ಕಣ್ಣು ಕಾಣದವರ ಗ್ರಂಥಾಲಯಕ್ಕೆ ಪುಸ್ತಕ ಓದಿ ಧ್ವನಿಮುದ್ರಿಸಿಕೊಡುವ ಕೆಲಸವನ್ನು ಅವಳು ಹತ್ತು ವರ್ಷದಿಂದ ಮಾಡಿಕೊಂಡು ಬಂದಿದ್ದಳು. ಬೆಳಗ್ಗೆ ಒಂಬತ್ತಕ್ಕೆ ಹೋದರೆ ಬರುವುದು ಮಧ್ಯಾಹ್ನ ಮೂರಕ್ಕೆ. ಧ್ವನಿ ಹೊರಗೆ ಹೋಗದಂತೆ ಆ ಕೋಣೆಗೆ ನಾಲ್ಕೂ ಕಡೆ ದಪ್ಪ ಕಂಬಳಿ ಹೊದಿಸಿದ್ದರು. ಆ ಕಂಬಳಿಗಳ ಮುಗ್ಗಲು ವಾಸನೆಯೇ ತನಗಂಟಿಕೊಂಡು ಪೆಟ್ಟಿಗೆಯನ್ನು ಕೆರಳಿಸುತ್ತಿರಬೇಕು ಎಂದು ಲೆಕ್ಕ ಹಾಕಿ, ಅವಳು ಸ್ವಲ್ಪ ನಿರಾಳವಾದಳು.

ಐದನೆಯ ಸೋಮವಾರ ಧ್ವನಿಮುದ್ರಣದ ತಂತ್ರಜ್ಞನಿಗೆ ಕೆಮ್ಮು ಹತ್ತಿಕೊಂಡಿತ್ತು. ಪ್ರತಿ ವಾಕ್ಯದ ಕೊನೆಗೂ ಪೂರ್ಣವಿರಾಮದ ಹಾಗೆ ಕೆಮ್ಮುತ್ತಿದ್ದ. ಕೆಲಸ ಸಾಗದೆ ಮಲ್ಲಿ ಹನ್ನೊಂದಕ್ಕೇ ಮನೆಗೆ ಹೊರಟಳು.

ಎರಡನೆಯ ಮಹಡಿಯ ಮೆಟ್ಟಿಲು ಹತ್ತುವಾಗ ಬಾಗಿಲ ಆಚೆಯಿಂದ ಯಾರೋ ಮಾತಾಡುತ್ತಿರುವುದು ಕೇಳಿಸಿತು. ಮಲ್ಲಿಗೆ ಮೊದಲು ಹೊಳೆದದ್ದು, ಇದು ನನ್ನ ಮಾತು ಎಂದು.

“...ಶಾಯಿ ಬದಲು ಇದರಲ್ಲಿ ಜೀವಕೋಶ ತುಂಬ್ತಾರೆ. ಪದರದ ಮೇಲೆ ಪದರ...”

ಅವಳು ಹತ್ತುವುದನ್ನು ನಿಲ್ಲಿಸಿದಳು. ಮಾತು ಅವಳದು, ಏರಿಳಿತ ಅವಳದು, ‘ಪದರ’ ಎನ್ನುವಾಗ ನಾಲಿಗೆಯನ್ನು ಒಂದಿಷ್ಟು ಒತ್ತುವ ಚಟವೂ ಅವಳದೇ. ಕಂಠ ಮಾತ್ರ ಬೇರೆ. ತಾನು ಇಲ್ಲಿ ಮೆಟ್ಟಿಲ ಮೇಲೆ ನಿಂತಿರುವಾಗ ಒಳಗೆ ತಾನೇ ಮಾತಾಡುತ್ತಿದ್ದರೆ ಹೇಗಿರುತ್ತದೋ ಹಾಗಿತ್ತು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಬೆರಳು ತೂರುವಷ್ಟು ಸಂದಿಯಲ್ಲಿ ಕಣ್ಣಿಟ್ಟಳು.

ಹೊಲಿಗೆ ಯಂತ್ರದ ಎದುರು ನಾಲ್ಕು ಕುರ್ಚಿ ಸಾಲಾಗಿ ಇಟ್ಟಿತ್ತು, ಖಾಲಿ ಕುರ್ಚಿ. ಅವುಗಳ ಮುಂದೆ ಅಕ್ಕ ನಿಂತಿದ್ದಳು. ಮೈಮೇಲೆ ಮಲ್ಲಿಯ ಬೂದು ಬಣ್ಣದ ಕೋಟು, ಸಂಗ್ರಹಾಲಯದವರು ಕೊಟ್ಟ ಸಮವಸ್ತ್ರ. ಭಾನುವಾರ ಒಗೆದು ಒಣಹಾಕಿ, ಸೋಮವಾರ ಇಸ್ತ್ರಿ ಮಾಡಿ ಇಡುವುದು ಅಕ್ಕನದೇ ಪಾಲಿನ ಕೆಲಸವಾಗಿತ್ತು. ಮಲ್ಲಿ ಹೊಸ ಹಾಸ್ಯಗಳನ್ನು ಬಚ್ಚಲಿನಲ್ಲಿ ಜೋರಾಗಿ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಬಚ್ಚಲಿನ ಗೋಡೆ ತೆಳು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಒಂದಕ್ಷರ ಬಿಡದೆ.

“...ಯಾರೂ ಮಕ್ಕಳಿಗೆ ಅಂತ ಆರ್ಡರ್ ಕೊಡಬೇಡಿ. ಕಿವಿ ಅಚ್ಚಾಗುತ್ತೆ.” ಇಲ್ಲಿ ಅಕ್ಕ ನಿಂತಳು. ನಾಲ್ಕು ಕುರ್ಚಿಗಳನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಮೆಲ್ಲಗೆ, ಗುಟ್ಟು ಹೇಳುವವಳಂತೆ, “ಹೇಳಿದ ಮಾತು ಕೇಳೋ ಗುಣ ಇನ್ನೂ ಅಚ್ಚಾಗ್ತಿಲ್ಲ,” ಎಂದಳು. ಕುರ್ಚಿಗಳು ನಗುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದಳು. ಅವಳ ಹಣೆ, ಕುತ್ತಿಗೆ ಬೆವೆತಿದ್ದವು. ಕೋಟಿನ ತೋಳಿನಿಂದ ಒರೆಸಿಕೊಂಡಳು.

ಮಲ್ಲಿ ಸದ್ದು ಮಾಡದೆ ಕೆಳಗಿಳಿದು ಮೆಟ್ಟಿಲ ಬುಡದಲ್ಲಿ ಕುಳಿತಳು. ಮೊದಲು ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರು ಬಂತು. ಐವತ್ತಮೂರು ವರ್ಷದ ಅಕ್ಕ, ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವಳೆಂದು ಎಲ್ಲರೂ ತಿಳಿದಿದ್ದ ಅಕ್ಕ! ಹೋಗಿ ತಬ್ಬಿಕೊಳ್ಳಬೇಕು ಎನಿಸಿತು. ಎದ್ದಳು. ಎದ್ದವಳು ಕಂಬಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು.

ಇವತ್ತು ಸೋಮವಾರ. ಕೋಟು ಅಕ್ಕನ ಮೈಮೇಲಿತ್ತು. ನಾಳೆ ತನ್ನ ಮೈಮೇಲಿರುತ್ತದೆ.

ಅಕ್ಕನಿಗೆ ಅವಳು ಏನೂ ಹೇಳಲಿಲ್ಲ. ಮೂರು ಗಂಟೆಯವರೆಗೆ ಬೀದಿ ಬೀದಿ ಅಲೆದು, ಎಂದಿನ ಹೊತ್ತಿಗೇ ಮನೆಗೆ ಹೋದಳು. ಕುರ್ಚಿಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಅಕ್ಕ ಬಾಯಲ್ಲಿ ಸೂಜಿ ಕಚ್ಚಿಕೊಂಡು ದಿಂಬಿನ ಚೀಲಕ್ಕೆ ಅಂಚು ಹೊಲಿಯುತ್ತಿದ್ದಳು. ಇಸ್ತ್ರಿಯಾದ ಕೋಟು ಗೂಟದಲ್ಲಿ ತೂಗಾಡುತ್ತಿತ್ತು. ಅಕ್ಕ ಅಡುಗೆಮನೆಗೆ ಹೋದಾಗ ಮಲ್ಲಿ ಕೋಟಿನ ಕೊರಳಪಟ್ಟಿಗೆ ಮೂಗಿಟ್ಟು ಉಸಿರೆಳೆದಳು. ಸಾಬೂನು, ಇಸ್ತ್ರಿಯ ಬಿಸಿ, ಮತ್ತೆ ಅಕ್ಕ. ಹುಟ್ಟಿದಾಗಿನಿಂದ ಗೊತ್ತಿದ್ದ, ಹೆಸರೇ ಇಲ್ಲದ ಅದೇ ವಾಸನೆ. ಅದರಲ್ಲಿ ಹೊಸದೇನೂ ಅವಳಿಗೆ ಸಿಗಲಿಲ್ಲ.

ಮರುದಿನ ಕೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ತಂದಳು. ಬರೀ ಅಂಗಿಯಲ್ಲಿ ಮೂಗಿನ ಮುಂದೆ ನಿಂತಳು. ‘ಸ್ಸ್’ ಎಂದಿತು. ‘ಸಾಬೂನು’ ಎಂದು ಬರೆಯಿತು. ಹಸಿರು. ಎರಡು ಹೆಜ್ಜೆ ಹಿಂದೆ ಸರಿದು ಗಂಟು ಬಿಚ್ಚಿದಳು. ಕೋಟನ್ನು ಪೂರ್ತಿ ಹೊರಗೆ ತೆಗೆಯಲೂ ಇಲ್ಲ, ಬರೀ ತೋಳನ್ನು ಎಳೆದು ಮುಂದೆ ಹಿಡಿದಳು. ಫ್ಯಾನು ಹುಚ್ಚೆದ್ದವರಂತೆ ಎಳೆಯತೊಡಗಿತು. ತೋಳಿನ ಅಂಚು ಆ ಗಾಳಿಗೆ ರಂಧ್ರಗಳ ಕಡೆ ವಾಲಿತು, ಯಾರೋ ಒಳಗಿನಿಂದ ಹಿಡಿದೆಳೆದಂತೆ. ನೀಲಿ ದೀಪ ಹತ್ತಿತು.

ಬಾಗಿಲಲ್ಲಿದ್ದ ಮಾಮ, “ಅದನ್ನ ಮುಚ್ಚಿಡಮ್ಮಾ, ದೇವರಾಣೆ ಮುಚ್ಚಿಡು,” ಎಂದ.

ಮಲ್ಲಿ ಫೋನು ಮಾಡಿದ್ದಕ್ಕೆ, ಪೆಟ್ಟಿಗೆ ತಯಾರಿಸಿದ ಸಂಸ್ಥೆಯಿಂದ ಎಂಜಿನಿಯರ್ ಹೆಂಗಸೊಬ್ಬಳು ಎರಡು ದಿನ ಬಿಟ್ಟು ಬಂದಳು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ಪೆಟ್ಟಿಗೆಯ ಬೆನ್ನು ಬಿಚ್ಚಿ ತಂತಿ ಸಿಕ್ಕಿಸಿ, ತನ್ನ ಕಂಪ್ಯೂಟರಿನಲ್ಲಿ ಬಹಳ ಹೊತ್ತು ಏನನ್ನೋ ನೋಡಿದಳು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡಳು.

“ಈ ಪೆಟ್ಟಿಗೆ ಹೊಸದಲ್ಲ,” ಎಂದಳು. “ಮೊದಲು ಒಂದು ಆಸ್ಪತ್ರೇಲಿ ಪ್ರಯೋಗಕ್ಕೆ ಇಟ್ಟಿದ್ವಿ. ನಡುಕದ ಕಾಯಿಲೆ ಇದ್ದೋರು ತೊಟ್ಟ ಬಟ್ಟೆಗಳನ್ನ ಮೂಸಿಸಿ ಪಾಠ ಹೇಳಿಕೊಟ್ಟಿದ್ವಿ. ಇಲ್ಲಿಗೆ ಕಳಿಸೋವಾಗ ಕಾಫಿ, ಸಾಬೂನು ಎಲ್ಲ ಹೊಸದಾಗಿ ತುಂಬಿದ್ರು. ಹಳೇ ಪಾಠ ಅಳಿಸೋದನ್ನ ಯಾರೋ ಮರೆತಿದ್ದಾರೆ.”

“ನಡುಕದ ಕಾಯಿಲೆ ಅಂದ್ರೆ?”

“ಕೈ ನಡುಗುತ್ತಲ್ಲ, ನಡಿಗೆ ನಿಧಾನ ಆಗುತ್ತಲ್ಲ, ಅದು. ಆ ನರಗಳು ಸೊರಗೋಕೆ ಶುರುವಾದಾಗ ಮೈಯ ಎಣ್ಣೆ ಅಂಶ ಬದಲಾಗುತ್ತೆ. ನಮಗೆ ಗೊತ್ತಾಗಲ್ಲ, ಇದಕ್ಕೆ ಗೊತ್ತಾಗುತ್ತೆ. ನಡುಕ ಬರೋದಕ್ಕೆ ಎರಡು ಮೂರು ವರ್ಷ ಮೊದಲೇ.” ಅವಳು ಕೋಟಿನತ್ತ ನೋಡಲಿಲ್ಲ. “ಬಟ್ಟೆಗೆ ಹತ್ತಿದ್ದು ಒಂದು ದಿನದಲ್ಲಿ ಆರಿಹೋಗುತ್ತೆ. ಅದಕ್ಕೇ ನಿಮಗೆ ಬುಧವಾರ ಬರ್ತಿರಲಿಲ್ಲ.”

“ತಪ್ಪು ಹೇಳಲ್ವಾ ಇದು?”

“ಹೇಳುತ್ತೆ. ಹತ್ತರಲ್ಲಿ ಒಂದು ಸಲ.”

“ಮತ್ತೆ ಆಸ್ಪತ್ರೆಯವರು ಯಾಕೆ ವಾಪಸ್ ಕೊಟ್ರು?”

ಆ ಹುಡುಗಿ ತಂತಿ ಸುತ್ತಿ ಚೀಲಕ್ಕೆ ಹಾಕಿದಳು. “ಹೇಳಿದ ಮೇಲೆ ಜನರಿಗೆ ಏನು ಕೊಡೋದು ಅಂತ ಅವರಿಗೆ ಗೊತ್ತಾಗಲಿಲ್ಲ. ಗುಣ ಮಾಡೋ ಔಷಧಿ ಇಲ್ಲ. ಬರೋದು ಗೊತ್ತಾಗುತ್ತೆ, ತಡೆಯೋದು ಗೊತ್ತಿಲ್ಲ. ಒಬ್ಬರು ಅಲ್ಲೇ ನನ್ನ ಮುಂದೇನೇ ಕೇಳಿದ್ರು, ಹೇಳದೇ ಇದ್ದಿದ್ರೆ ನಿಮಗೇನು ನಷ್ಟ ಆಗ್ತಿತ್ತು ಅಂತ.”

ಆ ಸಂಜೆ ಮಲ್ಲಿ ಬಸ್ಸಿಳಿದು ಮನೆಯವರೆಗೆ ನಡೆಯಲು ಒಂದು ಗಂಟೆ ತೆಗೆದುಕೊಂಡಳು. ಹೇಳಲೇ ಬಾರದು ಎಂದು ಒಂದು ಬೀದಿಯಲ್ಲಿ ನಿಶ್ಚಯಿಸಿದರೆ ಮುಂದಿನ ತಿರುವಿನಲ್ಲಿ ಅದು ಮುರಿದುಬೀಳುತ್ತಿತ್ತು. ಮನೆಯಲ್ಲಿ ಅಕ್ಕ ದೀಪದ ಕೆಳಗೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದೇ ಸಲಕ್ಕೆ ದಾರ ಸೂಜಿಯ ಕಣ್ಣಿನೊಳಗೆ ಹೋಯಿತು. ಮಲ್ಲಿ ಆ ಬೆರಳುಗಳನ್ನೇ ನೋಡುತ್ತಾ ಅವಳ ಕಾಲ ಬಳಿ ಕುಳಿತಳು. ಮುಚ್ಚಿಡಲು ಅವಳಿಗೆ ಬರುತ್ತಲೇ ಇರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು, ಮಂಗಳವಾರದ ದೀಪ, ಬಾಗಿಲ ಸಂದಿ, ಕುರ್ಚಿಗಳು, ಕೋಟಿನ ತೋಳು, ಎಂಜಿನಿಯರ್ ಹೇಳಿದ್ದು, ಒಂದೂ ಬಿಡದೆ.

ಅಕ್ಕನ ಮುಖ ಕಿವಿಯವರೆಗೆ ಕೆಂಪಾಯಿತು.

“ನೀನು ಬಾಗಿಲ ಹತ್ರ ನಿಂತು ಕೇಳಿಸಿಕೊಂಡ್ಯಾ?”

“ಅಕ್ಕಾ, ನಾನು ಹೇಳ್ತಿರೋದು ಕಾಯಿಲೆ ವಿಷಯ.”

“ಅದು ಆಮೇಲೆ. ಎಷ್ಟು ಕೇಳಿಸಿಕೊಂಡೆ? ಗೋಡೆದೂ ಕೇಳಿಸಿಕೊಂಡ್ಯಾ?”

“ಇಲ್ಲ, ಕಿವಿದು ಮಾತ್ರ.”

ಅಕ್ಕ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. “ಕಿವಿ ಜೋಕು ನೀನು ಹಾಳು ಮಾಡ್ತಿದೀಯ,” ಎಂದಳು. “ಓಡಿಸಿಕೊಂಡು ಹೋಗ್ತೀಯ. ಕಿವಿ ಅಚ್ಚಾಗುತ್ತೆ ಅಂದ ಮೇಲೆ ನಿಲ್ಲಬೇಕು. ಅವರಿಗೆ ಅವರವರ ಮಕ್ಕಳು ನೆನಪಾಗೋವಷ್ಟು ಹೊತ್ತು.” ಆಮೇಲೆ ಎರಡೂ ಕೈಗಳನ್ನು ದೀಪದ ಕೆಳಗೆ ಚಾಚಿ, ಅಂಗೈ, ಹಿಂಗೈ ತಿರುಗಿಸಿ ನೋಡಿಕೊಂಡಳು. “ಏನೂ ಇಲ್ವಲ್ಲೇ,” ಎಂದಳು. ಮಲ್ಲಿ ಅವಳ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಅಕ್ಕ ಅಳಲಿಲ್ಲ. ತಂಗಿಯ ತಲೆಯ ಮೇಲೆ ಕೈಯಿಟ್ಟು, ಆ ಕೈಯನ್ನೇ ನೋಡುತ್ತಾ ಕುಳಿತಿದ್ದಳು.

ಪೆಟ್ಟಿಗೆಯನ್ನು ನಾನೇ ನೋಡಬೇಕು ಎಂದು ಅಕ್ಕ ಹಟ ಹಿಡಿದಳು. ಸೋಮವಾರ, ಸಂಗ್ರಹಾಲಯಕ್ಕೆ ರಜೆಯಿದ್ದಾಗ, ಮಾಮ ಹಿಂಬಾಗಿಲು ತೆಗೆದುಕೊಟ್ಟ. ಜನರಿಲ್ಲದ ಕೋಣೆಯಲ್ಲಿ ಅವರ ಚಪ್ಪಲಿಗಳ ಸದ್ದು ಗೋಡೆಯಿಂದ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಅಚ್ಚಿನ ಕಿವಿ ತನ್ನ ದ್ರವದಲ್ಲಿ ತೇಲುತ್ತಿತ್ತು. ಅಕ್ಕ ಅದನ್ನೆಲ್ಲ ಹಳೆಯ ಪರಿಚಯದವರನ್ನು ನೋಡುವಂತೆ ನೋಡುತ್ತಾ ನಡೆದಳು.

ಮೂಗು ಇನ್ನೂ ಎರಡು ಮಾರು ದೂರದಲ್ಲಿತ್ತು. ಅಷ್ಟರಲ್ಲೇ ಫ್ಯಾನು ತಿರುಗಿತು. ಒಂದು ಮಾರಿಗಿಂತ ದೂರದಲ್ಲಿ ಯಾರಿದ್ದರೂ ಅದು ತಿರುಗಿದ್ದನ್ನು ಮಲ್ಲಿ ಆವರೆಗೆ ಕಂಡಿರಲಿಲ್ಲ. ಅವಳು ಅಕ್ಕನ ತೋಳು ಹಿಡಿದು ಹಿಂದಕ್ಕೆಳೆದಳು. ಅಕ್ಕ ಬಿಡಿಸಿಕೊಂಡು ನೇರ ಹೋಗಿ, ಕುಳ್ಳಗಿದ್ದ ಮೇಜಿನ ಮುಂದೆ ಮಂಡಿಯೂರಿ, ಆ ಎರಡು ರಂಧ್ರಗಳ ಎದುರಿಗೆ ತನ್ನ ಮುಖ ಇಟ್ಟಳು. ಪೆಟ್ಟಿಗೆ ಉದ್ದಕ್ಕೆ ಉಸಿರೆಳೆಯಿತು. ಅಕ್ಕನ ಹಣೆಯ ಮೇಲಿನ ಬಿಳಿ ಕೂದಲೆಳೆಗಳು ಮುಂದಕ್ಕೆ ವಾಲಿದವು. ನೀಲಿ ಬೆಳಕು ಅವಳ ಕೆನ್ನೆಯ ಮೇಲೆ ಬಿತ್ತು.

“ಯಾವಾಗ?” ಎಂದು ಅಕ್ಕ ಅದನ್ನು ಕೇಳಿದಳು.

ಫ್ಯಾನು ನಿಂತಿತು. ಉತ್ತರ ಬಂದೇಬಿಡುತ್ತದೆ ಎಂದು ಮಲ್ಲಿಗೆ ಆ ಗಳಿಗೆ ನಿಜವಾಗಿಯೂ ಅನಿಸಿತ್ತು. ಮಾಮನಂತೂ ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ.

ಅಕ್ಕ ಮಂಡಿ ಒರೆಸಿಕೊಂಡು ಎದ್ದಳು. “ಇದಕ್ಕೆ ಬಾಯಿ ಇಟ್ಟಿಲ್ಲ ನೋಡು, ಒಳ್ಳೆದಾಯ್ತು,” ಎಂದಳು. “ನಿನ್ನ ಹಾಗೆ ಎಲ್ಲ ಒದರಿಬಿಡ್ತಿತ್ತು.”

ನರದ ಡಾಕ್ಟರು ಅಕ್ಕನನ್ನು ನಡೆಸಿ ನೋಡಿದರು, ಬೆರಳು ಕುಟ್ಟಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ಅಕ್ಕ ಬರೆದ ಸುರುಳಿ ಯಂತ್ರ ಬರೆದಂತಿತ್ತು. ಏನೂ ಇಲ್ಲ ಎಂದರು. ಪೆಟ್ಟಿಗೆಯ ಮಾತನ್ನು ಹೇಳಿದಾಗ ಮೂಗಿನ ಮೇಲೆ ಬೆರಳಿಟ್ಟುಕೊಂಡರು, ನಗಲಿಲ್ಲ. ಎಲ್ಲವನ್ನೂ ಬರೆದಿಟ್ಟುಕೊಂಡು ಆರು ತಿಂಗಳಿಗೊಮ್ಮೆ ಬರಲು ಹೇಳಿದರು. ದಿನಾ ಒಂದು ಗಂಟೆ ಬಿರುಸಾಗಿ ನಡೆಯಿರಿ, ಸದ್ಯಕ್ಕೆ ನನಗೆ ಗೊತ್ತಿರುವುದು ಅಷ್ಟೇ ಎಂದರು.

ನಾಳೆಯ ಕೋಣೆಯಲ್ಲಿ ಪೆಟ್ಟಿಗೆ ಹೆಚ್ಚು ದಿನ ಉಳಿಯಲಿಲ್ಲ. ಸುದ್ದಿ ಒಬ್ಬರಿಂದೊಬ್ಬರಿಗೆ ಹಬ್ಬಿ, ಗುಡಿಸುವವರು ಆ ಮೂಲೆ ಗುಡಿಸುವುದನ್ನು ಬಿಟ್ಟರು. ಮುಖ್ಯಾಧಿಕಾರಿ ಎಲ್ಲರಿಗೂ ವಿಜ್ಞಾನದ ಮೇಲೆ ಒಂದು ಉಪನ್ಯಾಸ ಕೊಟ್ಟು, ತಾವೂ ಹೊರಗಿನ ಮೆಟ್ಟಿಲಿನಲ್ಲೇ ಇಳಿದುಹೋದರು. ಕೊನೆಗೆ ಸಂಸ್ಥೆಯವರು ಬಂದು ಪೆಟ್ಟಿಗೆಯನ್ನು ಡಬ್ಬದಲ್ಲಿ ಹಾಕಿ ಹೊತ್ತುಕೊಂಡು ಹೋದರು. ಇಬ್ಬರು ಆಳು ಅದನ್ನು ಮೆಟ್ಟಿಲಿಳಿಸುತ್ತಿದ್ದಾಗ ಡಬ್ಬದೊಳಗಿಂದ ಒಂದು ಸಲ ‘ಸ್ಸ್’ ಎಂಬ ಸದ್ದು ಬಂತು ಎಂದು ಮಾಮ ಇವತ್ತಿಗೂ ಹೇಳುತ್ತಾನೆ. ತಂತಿ ಕಿತ್ತಿದ್ದರು, ಬರುವುದು ಸಾಧ್ಯವೇ ಇಲ್ಲ ಎಂದು ಮಲ್ಲಿ ವಾದಿಸಿದಳು. ಇಳಿಸುತ್ತಿದ್ದ ಆಳುಗಳಲ್ಲಿ ಯಾರು ಮುಂದೆ ಇದ್ದರು ಎಂದು ಮಾತ್ರ ಮಾಮ ಯಾರಿಗೂ ಹೇಳಲಿಲ್ಲ.

ಶನಿವಾರ ಮಧ್ಯಾಹ್ನದ ಸುತ್ತನ್ನು ಅಕ್ಕನಿಗೆ ಕೊಡಿ ಎಂದು ಮಲ್ಲಿ ಮುಖ್ಯಾಧಿಕಾರಿಯ ತಲೆ ತಿಂದಳು. ಮೊದಲ ದಿನ ಅಕ್ಕನ ಮಾತು ಮುಂದಿನ ಸಾಲಿಗೂ ಕೇಳಿಸಲಿಲ್ಲ. ಜನ ಒಬ್ಬರ ಹೆಗಲ ಮೇಲೊಬ್ಬರು ಬಾಗಿ ಹತ್ತಿರ ಬಂದರು. ಹತ್ತಿರ ಬಂದ ಮೇಲೆ ಅವಳು ಜೋರಾಗಿ ಹೇಳುವ ಅಗತ್ಯವೇ ಬೀಳಲಿಲ್ಲ. ಮಲ್ಲಿಯ ಸುತ್ತಿನಲ್ಲಿ ನಗು ಪಟಪಟನೆ ಬಿದ್ದು ಹೋಗುತ್ತಿತ್ತು. ಅಕ್ಕನ ಸುತ್ತಿನಲ್ಲಿ ತಡವಾಗಿ ಬಂದು, ಜನ ಮೆಟ್ಟಿಲಿಳಿಯುವವರೆಗೂ ನಿಲ್ಲುತ್ತಿರಲಿಲ್ಲ. ಎರಡು ವರ್ಷ ಅಕ್ಕ ಒಂದೂ ಶನಿವಾರ ತಪ್ಪಿಸಲಿಲ್ಲ. ಮನೆಯಲ್ಲಿಯೂ ಮಾತಾಡತೊಡಗಿದಳು. ಎಷ್ಟೆಂದರೆ, ಕೆಲವು ಸಲ ಮಲ್ಲಿಯೇ, “ಸಾಕು ಮಾರಾಯ್ತಿ, ನಿದ್ದೆ ಬರ್ತಿದೆ,” ಎನ್ನಬೇಕಾಗುತ್ತಿತ್ತು.

ಆದರೆ ಆ ಎರಡು ವರ್ಷವೂ ಇಬ್ಬರೂ ಒಂದೇ ಜಾಗವನ್ನು ನೋಡುತ್ತಿದ್ದರು. ಅಕ್ಕ ಕಾಫಿ ಲೋಟ ಎತ್ತುವಾಗ ಮಲ್ಲಿಯ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಲೋಟ ಮತ್ತೆ ಮೇಜು ಮುಟ್ಟಿದ ಮೇಲೆ ಮಾತು ಮುಂದುವರಿಯುತ್ತಿತ್ತು. ಎಂಜಿನಿಯರ್ ಹೇಳಿದ ‘ಹತ್ತರಲ್ಲಿ ಒಂದು’ ಎಂಬುದನ್ನು ಇಬ್ಬರೂ ಬಾಯಿ ಬಿಟ್ಟು ಆಡಲಿಲ್ಲ.

ಒಂದು ಮಧ್ಯಾಹ್ನ ಮಲ್ಲಿ ಕಿಟಕಿಯ ಬಳಿ ಕುಳಿತು ಕಿತ್ತಳೆ ಸುಲಿಯುತ್ತಿದ್ದಳು. ಅಕ್ಕ ಯಾರದೋ ಹಸಿರು ಪರದೆಗೆ ಅಂಚು ಹೊಲಿಯುತ್ತಿದ್ದಳು. ಯಂತ್ರದ ಸದ್ದು ನಿಂತಿತು. ಮಲ್ಲಿ ತಲೆಯೆತ್ತಿದಳು. ಅಕ್ಕ ಬಲಗೈಯನ್ನು ಮಡಿಲಿನಲ್ಲಿಟ್ಟುಕೊಂಡು ನೋಡುತ್ತಿದ್ದಳು. ಹೆಬ್ಬೆರಳು ತೋರುಬೆರಳಿನ ಮೇಲೆ, ಕಾಣದ ಒಂದು ಕಾಳನ್ನು ಹೊಸೆಯುತ್ತಿರುವ ಹಾಗೆ, ತನ್ನಷ್ಟಕ್ಕೆ ಆಡುತ್ತಿತ್ತು.

ಎಡಗೈಯಿಂದ ಅದನ್ನು ಮುಚ್ಚಿದಳು. ನಿಂತಿತು. ಕೈ ತೆಗೆದಳು. ಮತ್ತೆ ಶುರುವಾಯಿತು.

“ಬಂತಲ್ಲ,” ಎಂದಳು ಅಕ್ಕ. ಬರುತ್ತೇನೆಂದು ಮೊದಲೇ ಕಾಗದ ಬರೆದಿದ್ದ ನೆಂಟರು ಬಾಗಿಲಲ್ಲಿ ನಿಂತಾಗ ಹೇಳುವ ಧಾಟಿಯಲ್ಲಿ.

ಮಲ್ಲಿ ಹಣ್ಣನ್ನು ಮುಷ್ಟಿಯಲ್ಲೇ ಹಿಚುಕಿಬಿಟ್ಟಿದ್ದಳು. ಕಿತ್ತಳೆಯ ರಸ ಅವಳ ಮೊಣಕೈವರೆಗೆ ಇಳಿದಿತ್ತು.

“ಡಾಕ್ಟರ್ ಆಸ್ಪತ್ರೆಗೆ ನಾಲ್ಕು ಗಂಟೆಗೆ ಬರ್ತಾರೆ ಅಲ್ವಾ?” ಅಕ್ಕ ಗಡಿಯಾರ ನೋಡಿದಳು. “ನೀನು ಹೋಗಿ ಕೈ ತೊಳ್ಕೊ. ಇನ್ನೊಂದು ಗೇಣು ಉಳಿದಿದೆ, ಮುಗಿಸಿಬಿಡ್ತೀನಿ.”

ಮಲ್ಲಿ ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತಳು. ಹೊರಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಮತ್ತೆ ಓಡತೊಡಗಿತು. ನಡುವೆ ಒಮ್ಮೆ ನಿಂತಿತು, ಮತ್ತೆ ಓಡಿತು. ನೀರು ನಿಲ್ಲಿಸಿ ಅವಳು ಆ ಸದ್ದನ್ನೇ ಕೇಳಿಸಿಕೊಳ್ಳುತ್ತಾ, ಅದು ಗೇಣು ಮುಗಿಯುವವರೆಗೂ ಅಲ್ಲೇ ನಿಂತಿದ್ದಳು.